ಉಶ್ಶಮ್ಮನ ಮಧ್ಯಾಹ್ನ

ಬೀದಿಯ ಮಂದಿ ಅವಳನ್ನು ಉಶ್ಶಮ್ಮ ಅಂತ ಕರೆಯುತ್ತಿದ್ದರು. ಅದರಲ್ಲಿ ಅರ್ಧ ಪ್ರೀತಿ, ಅರ್ಧ ಕೀಟಲೆ. ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಅವಳ ಮನೆಯ ಮುಂದೆ ಯಾರಾದರೂ ಜೋರಾಗಿ ಕೆಮ್ಮಿದರೆ ಸಾಕು, ಕಿಟಕಿಯ ಪರದೆ ಬೆರಳಷ್ಟು ಸರಿದು ಒಳಗಿನಿಂದ “ಉಶ್!” ಅಂತ ಬರುತ್ತಿತ್ತು. ಬೈಗುಳಕ್ಕಿಂತ ಹರಿತವಾದ ಉಶ್ ಅದು. ತರಕಾರಿ ಗಾಡಿಯವನು ಅವಳ ಮನೆ ಹತ್ತಿರವಾದ ಹಾಗೆ ಕೂಗು ನಿಲ್ಲಿಸಿ, ಕದ್ದ ಮಾಲು ಸಾಗಿಸುವವನ ಹಾಗೆ ಮೆಲ್ಲಗೆ ಗಾಡಿ ತಳ್ಳಿಕೊಂಡು ಹೋಗಿ, ಆಚೆ ತಿರುವಿನಲ್ಲಿ ಮತ್ತೆ ಗಂಟಲು ಬಿಚ್ಚುತ್ತಿದ್ದ.

ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಅವಳು ಕೂಸುಗಳನ್ನು ನೋಡಿಕೊಳ್ಳುತ್ತಿದ್ದಳು. ಆಸ್ಪತ್ರೆಯ ಆಯಾ, ಬಟ್ಟೆ ಅಂಗಡಿಯಲ್ಲಿ ನಿಲ್ಲುವವಳು, ಬಸ್ಸಿನ ಕಂಡಕ್ಟರಮ್ಮ, ಹೀಗೆ ದುಡಿಯಲು ಹೋಗುವ ತಾಯಂದಿರು ಬೆಳಿಗ್ಗೆ ಮಗುವನ್ನೂ ಒಂದು ಚೀಲವನ್ನೂ ಕೈಗೆ ಕೊಟ್ಟು ಓಡುತ್ತಿದ್ದರು. ಶನಿವಾರ, ಭಾನುವಾರ, ರಜೆಯ ದಿನ ಮಾತ್ರ ಅವಳು ಮಕ್ಕಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ಮಕ್ಕಳೆಲ್ಲ ಅವಳನ್ನು ಅಜ್ಜಿ ಅನ್ನುತ್ತಿದ್ದವು, ಅವಳಿಗೆ ಇನ್ನೂ ಅಜ್ಜಿಯ ವಯಸ್ಸಾಗಿರಲಿಲ್ಲ. ಹಿಂದಿನ ಕೋಣೆಯಲ್ಲಿ ಗಂಡ ಮಲಗಿರುತ್ತಿದ್ದ. ಬ್ರೆಡ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮಾಡಿ ಬಂದವನು ಮಧ್ಯಾಹ್ನದ ತನಕ ಮರದ ಕೊರಡು. “ನನ್ನ ಪಾಲಿಗೆ ದೇವರು ಕೊಟ್ಟ ಮಕ್ಕಳಲ್ಲಿ ಇದೊಂದೇ ಎಬ್ಬಿಸಿದ್ರೂ ಏಳದ್ದು,” ಅಂತ ಉಶ್ಶಮ್ಮ ಹೇಳುತ್ತಿದ್ದಳು.

ಕೂಸುಗಳನ್ನು ಮಲಗಿಸುವುದು ಹೊರಗಿನವರಿಗೆ ಆಟ. ಮಲಗಿಸುವವರಿಗೆ ಗೊತ್ತು. ಒಂದಕ್ಕೆ ಬೆನ್ನು ತಟ್ಟಬೇಕು, ಇನ್ನೊಂದಕ್ಕೆ ಕಿವಿಯ ಹಿಂದೆ ಸವರಬೇಕು, ಮತ್ತೊಂದು ಅವಳ ಹೆಬ್ಬೆರಳು ಹಿಡಿದುಕೊಂಡರೇ ಕಣ್ಣು ಮುಚ್ಚುವುದು. ಎಲ್ಲ ಮಲಗಿದ ಮೇಲೆ ಕೋಣೆಗೆ ಒಂದು ಬಗೆಯ ಬೆಚ್ಚಗಿನ ವಾಸನೆ ಬರುತ್ತದೆ: ಹಾಲು, ಬೆವರು, ಒಗೆದ ಬಟ್ಟೆ. ಆಗ ಅವಳೂ ಕೈಸಹಾಯಕ್ಕೆ ಬರುವ ಹೆಂಗಸೂ ಬಾಗಿಲ ಬಳಿ ಕೂತು ತಣ್ಣಗಾದ ಚಹಾ ಕುಡಿಯುತ್ತಿದ್ದರು. ದಿನದಲ್ಲಿ ಅವಳದು ಅಂತ ಇದ್ದದ್ದು ಅದೊಂದೇ ಗಳಿಗೆ. ಆದರೆ ಮಕ್ಕಳಲ್ಲಿ ಒಂದು ಎದ್ದು ಅತ್ತರೆ ಮುಗಿಯಿತು. ಒಂದು ನರಿ ಊಳಿಟ್ಟರೆ ಗುಡ್ಡದ ನರಿಗಳೆಲ್ಲ ಊಳಿಟ್ಟ ಹಾಗೆ.

ಸದ್ದು ಅಂದರೇನು ಅಂತ ಉಶ್ಶಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹುಟ್ಟಿದ್ದೇ ಬಟ್ಟೆ ಗಿರಣಿಯ ಲೈನ್ ಮನೆಯಲ್ಲಿ. ಅಮ್ಮ ನೇಯ್ಗೆ ಶೆಡ್ಡಿನಲ್ಲಿದ್ದು ನಲವತ್ತು ತುಂಬುವ ಮೊದಲೇ ಕಿವಿ ಕಳಕೊಂಡಳು. ಮನೆಯಲ್ಲಿ ಎಲ್ಲರೂ ಕಿರುಚಿಯೇ ಮಾತಾಡುತ್ತಿದ್ದರು. ಹೊಸಬರು ಬಂದರೆ ಜಗಳ ನಡೀತಿದೆ ಅಂತ ಬಾಗಿಲಲ್ಲೇ ನಿಲ್ಲುತ್ತಿದ್ದರು. ಹತ್ತು ವರ್ಷ ಚಿಕ್ಕವನಾದ ತಮ್ಮನನ್ನು ಬೆಳೆಸಿದ್ದು ಅವಳೇ. ಅವನು ಅತ್ತದ್ದು ಅಮ್ಮನಿಗೆ ಕೇಳಿಸುತ್ತಿರಲಿಲ್ಲ, ಅಕ್ಕನಿಗೆ ಕೇಳಿಸುತ್ತಿತ್ತು. ದೊಡ್ಡವಳಾಗಿ ಅವಳೂ ಅದೇ ಶೆಡ್ಡು ಸೇರಿದಳು. ಗಿರಣಿ ಮುಚ್ಚಿದ ದಿನ ಮಿಕ್ಕವರೆಲ್ಲ ಗೇಟಿನ ಮುಂದೆ ಅತ್ತರೆ, ಇವಳು ಮನೆಗೆ ಬಂದು ನೆಲದ ಮೇಲೆ ಮಲಗಿ ಸುಮ್ಮನೆ ಕೇಳುತ್ತಿದ್ದಳು. ನಲ್ಲಿ ತೊಟ್ಟಿಕ್ಕುವುದು, ಹಂಚಿನ ಮೇಲೆ ಬೆಕ್ಕು ನಡೆಯುವುದು. ಹೊಟ್ಟೆಪಾಡು ಹೋದದ್ದಕ್ಕೆ ದುಃಖ ಆಗಬೇಕಿತ್ತು, ಆಗಲಿಲ್ಲ. ಎಡಗಿವಿಯಲ್ಲಿ ಮಾತ್ರ ಒಂದು ಸಣ್ಣ ಗುಂಯ್ ಉಳಿದುಕೊಂಡಿತು, ಬಾಡಿಗೆ ಕೊಡದೆ ಕೂತ ಬಾಡಿಗೆದಾರನ ಹಾಗೆ.

ಗುಡ್ಡದ ಬುಡದ ಈ ಬೀದಿಗೆ ಅವಳು ಬಂದದ್ದೇ ಸದ್ದಿಲ್ಲ ಅಂತ. ಬೀದಿ ಹಾವಿನ ಹಾಗೆ ಸುತ್ತಿಕೊಂಡು ಮೇಲೇರುತ್ತಿತ್ತು. ಮೇಲೆ ಒಂದಷ್ಟು ದೊಡ್ಡ ಬಂಗಲೆಗಳು, ಅದರಾಚೆ ಊರು ಕಾಣುವ ಬಂಡೆ. ರಸ್ತೆ ಗುಂಡಿ ಬಿದ್ದಿದ್ದಷ್ಟು ಕಾಲ ಎಲ್ಲ ಚೆನ್ನಾಗಿತ್ತು. ನಗರಸಭೆಯವರು ಅದಕ್ಕೆ ಹೊಸ ಟಾರು ಬಳಿದು ಬಂಡೆಯ ಹತ್ತಿರ ಕಬ್ಬಿಣದ ಬೇಲಿ ಕಟ್ಟಿ “ವೀಕ್ಷಣಾ ಸ್ಥಳ” ಅಂತ ಬೋರ್ಡು ನೆಟ್ಟರು. ಅಲ್ಲಿಂದ ಶುರುವಾಯಿತು.

ಮೊದಲು ಒಂದೆರಡು ಬೈಕು ಬಂದವು. ಆಮೇಲೆ ಹಿಂಡು. ಕಪ್ಪು ಜಾಕೆಟ್ಟು, ಮೊಣಕಾಲಿಗೆ ಕವಚ, ಯುದ್ಧಕ್ಕೆ ಹೊರಟವರ ವೇಷ. ಹೋಗುವುದು ಬಂಡೆಯ ಹತ್ತಿರ ಫೋಟೋ ತೆಗೆಸಿಕೊಳ್ಳಲು. ಏರು ಶುರುವಾಗುವುದು ಉಶ್ಶಮ್ಮನ ಮನೆಯ ಎದುರಿಗೇ. ಅಲ್ಲೇ ಗೇರು ಇಳಿಸಬೇಕು, ಅಲ್ಲೇ ರೇಸು ಕೊಡಬೇಕು. ಕಿಟಕಿಯ ಗಾಜು ಹಲ್ಲು ಕಡಿದ ಹಾಗೆ ಕಟಕಟ ಅನ್ನುತ್ತಿತ್ತು. ಹಾಲಿನ ಬಾಟಲಿ ಮೇಜಿನ ಮೇಲೆ ತಾನಾಗಿಯೇ ಅಂಗುಲ ಅಂಗುಲ ಸರಿಯುತ್ತಿತ್ತು. ಕೆಲವರು ಗಾಡಿ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ, ಸುಮ್ಮನೆ ನಿಂತಲ್ಲೇ ರೇಸು ಕೊಟ್ಟು ಡಬ್ ಡಬ್ ಅಂತ ಬೆಂಕಿ ಕಾರಿಸುತ್ತಿದ್ದರು. ಅಕ್ಕಪಕ್ಕ ಯಾರು ನೋಡಿದರು ಅಂತ ಕತ್ತು ತಿರುಗಿಸುತ್ತಿದ್ದರು. ಉಶ್ಶಮ್ಮನಿಗೆ ಅದನ್ನು ನೋಡಿದಾಗಲೆಲ್ಲ ಕಂಬ ಕಂಡಲ್ಲೆಲ್ಲ ಕಾಲೆತ್ತುವ ನಾಯಿಯ ನೆನಪಾಗುತ್ತಿತ್ತು. ನಾಯಿಯಾದರೂ ಸದ್ದಿಲ್ಲದೆ ಮಾಡಿಹೋಗುತ್ತದೆ. ಅಂಗಳದಲ್ಲಿ ಒಣಹಾಕಿದ ಕೂಸುಗಳ ಬಟ್ಟೆಯ ಮೇಲೆ ಮಸಿ, ಗಂಜಿಯಲ್ಲೂ ಸುಟ್ಟ ಎಣ್ಣೆಯ ವಾಸನೆ. ಬಾಗಿಲ ಮುಂದೆ ಉಗಿದದ್ದು, ಕುಡಿದು ಬಿಸಾಕಿದ ಲೋಟ. ದಿನಾ ಪೊರಕೆ ಹಿಡಿದು ಅದನ್ನು ಗುಡಿಸುವಾಗ ಅವಳ ಮೂಗು ತಾನಾಗಿ ಸೊಟ್ಟಗಾಗುತ್ತಿತ್ತು. ಕೊನೆಗೆ ಆ ಸೊಟ್ಟ ಮುಖದಲ್ಲೇ ಉಳಿಯಿತು ಅಂತ ಗಂಡ ತಮಾಷೆ ಮಾಡುತ್ತಿದ್ದ.

ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಬೀದಿಯ ಮೂಲೆಯಲ್ಲಿ ಬೈಕಿನ ಬಿಡಿಭಾಗದ ಅಂಗಡಿ ಇಟ್ಟು, ಈ ಗಾಡಿಗಳಿಗೆ ಗಂಟಲು ಕೊಡುತ್ತಿದ್ದವನು ಅವಳ ಸ್ವಂತ ತಮ್ಮ.

ಒಂದು ವರ್ಷ ಅವಳು ಬಾಯಿ ಬಿಡಲಿಲ್ಲ. ಒಡಹುಟ್ಟಿದವನು, ಅನ್ನದ ದಾರಿ, ಹೇಗೋ ನಡೆಯಲಿ ಅಂತ ಹಲ್ಲು ಕಚ್ಚಿಕೊಂಡಳು. ಬಾಯಿ ಬಿಡಿಸಿದ್ದು ಒಂದು ಮಗು.

ಕಂಡಕ್ಟರಮ್ಮನ ಗಂಡುಮಗು ಅದು. ಮಿಕ್ಕ ಮಕ್ಕಳು ಅಮ್ಮ, ಹಾಲು, ಬಾ ಅನ್ನುವ ವಯಸ್ಸಿನಲ್ಲಿ ಇದು ತುಟಿ ಬಿಚ್ಚಿರಲಿಲ್ಲ. ಉಶ್ಶಮ್ಮ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ದಿನಾ “ಅಮ್ಮ ಅನ್ನು, ಅಮ್ಮ” ಅಂತ ಬಾಯಿ ಅಗಲಿಸಿ ತೋರಿಸುತ್ತಿದ್ದಳು. ಒಂದು ಸಂಜೆ ತಾಯಿ ಬಂದು ಬಾಗಿಲಲ್ಲಿ ಕೈಚಾಚಿದಾಗ, ಮಗು ಅವಳ ಮುಖವನ್ನೇ ನೋಡಿ, ಕೆನ್ನೆ ಉಬ್ಬಿಸಿ, “ಡ್ರ್ರ್ರ್... ಡಬ್! ಡಬ್!” ಅಂದಿತು. ಎರಡು ಮುಷ್ಟಿಯನ್ನೂ ಹ್ಯಾಂಡಲ್ ಹಿಡಿದ ಹಾಗೆ ತಿರುವಿತು.

ಕಂಡಕ್ಟರಮ್ಮ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡಳು. “ಅಯ್ಯೋ ನನ್ ರಾಜಾ! ಇವರಪ್ಪಂಗೆ ಹೇಳ್ಬೇಕು, ಎಷ್ಟು ಖುಷಿ ಪಡ್ತಾರೋ!”

ಉಶ್ಶಮ್ಮ ನಗಲಿಲ್ಲ. ಮಗುವಿನ ಕಿವಿಗೆ ತಾನು ಹಾಕಿದ ಮಾತೆಲ್ಲ ಎಲ್ಲಿ ಹೋಯಿತು? ಇಷ್ಟು ದಿನ ಆ ಎಳೆ ಕಿವಿಯಲ್ಲಿ ಇಳಿದು ಕೂತದ್ದು ಇದೇ ಕೊಳಕಾ? ಅವರು ಹೋದ ಮೇಲೆ ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ಆಮೇಲೆ ಚಪ್ಪಲಿ ಮೆಟ್ಟಿ ನೇರ ತಮ್ಮನ ಅಂಗಡಿಗೆ ನಡೆದಳು.

ತಮ್ಮ ಕುಕ್ಕುರುಗಾಲಲ್ಲಿ ಕೂತು ಸೈಲೆನ್ಸರಿನ ಬಾಯಿಂದ ತೂತು ತೂತಿನ ಒಳಕೊಳವೆಯೊಂದನ್ನು ಇಕ್ಕಳದಲ್ಲಿ ಎಳೆಯುತ್ತಿದ್ದ. ಸದ್ದು ತಡೆಯಲೆಂದು ಕಂಪನಿಯವರು ಇಟ್ಟ ಕೊಳವೆ ಅದು. ಅಂಥವು ಪಕ್ಕದ ಗೋಣಿಚೀಲದಲ್ಲಿ ಕಿತ್ತ ಹಲ್ಲುಗಳ ಹಾಗೆ ತುಂಬಿದ್ದವು.

“ಇದನ್ನ ಯಾಕೆ ಕೀಳ್ತಿದೀಯ?” ಅಂದಳು.

“ಗಾಡಿ ಉಸಿರಾಡ್ಬೇಕಲ್ಲಕ್ಕ.”

“ಗಾಡಿ ಉಸಿರಾಡ್ಲಿ ಅಂತ ಕೂಸುಗಳ ಉಸಿರು ನಿಲ್ಲಿಸ್ತೀಯಾ? ಇಡೀ ಮಧ್ಯಾಹ್ನ ಬೆಚ್ಚಿ ಬೆಚ್ಚಿ ಬೀಳ್ತಾವೆ ಕಣೋ.”

ತಮ್ಮ ಇಕ್ಕಳ ಕೆಳಗಿಟ್ಟ. ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. “ಅಕ್ಕ, ನಾನು ಮಾಡ್ಲಿಲ್ಲ ಅಂದ್ರೆ ಇನ್ನೊಬ್ಬ ಮಾಡ್ತಾನೆ. ಈ ಜನಕ್ಕೆ ಸದ್ದು ಬೇಕು, ನಾನು ಮಾರ್ತೀನಿ. ನಮ್ಮ ಮನೆಯಲ್ಲಿ ಎಷ್ಟು ಅತ್ರೂ ಯಾರಾದ್ರೂ ತಿರುಗಿ ನೋಡ್ತಿದ್ರಾ ಹೇಳು? ಇವರಿಗೂ ಹಾಗೇ, ಯಾರಾದ್ರೂ ತಿರುಗಿ ನೋಡ್ಬೇಕು ಅಂತ.”

“ನಾನು ನೋಡ್ತಿದ್ದೆ,” ಅಂದಳು ಉಶ್ಶಮ್ಮ. “ನೀನು ಅತ್ತಾಗೆಲ್ಲ ನಾನು ಎದ್ದು ಬರ್ತಿದ್ದೆ. ಅದಕ್ಕೆ ಇದಾ ಉಡುಗೊರೆ?”

ಅವನು ತಲೆ ತಗ್ಗಿಸಿ ಮತ್ತೆ ಇಕ್ಕಳ ಎತ್ತಿಕೊಂಡ. ಕೋಣನ ಮುಂದೆ ಕಿನ್ನರಿ ಬಾರಿಸಿ ಪ್ರಯೋಜನವಿಲ್ಲ ಅಂತ ಅವಳು ಅಲ್ಲಿಂದ ಹೊರಟಳು.

ಅರ್ಜಿ ಬರೆಸಿದಳು. ಗಂಡ ಎಂದಿನ ಹಾಗೆ, “ಊರ ಉಸಾಬರಿ ನಿಂಗ್ಯಾಕೆ? ಹತ್ತಿ ಇಟ್ಕೊಂಡು ಮಲಕ್ಕೊಳ್ಳೇ,” ಅಂದ, ಆದರೂ ಪೇಟೆಗೆ ಹೋಗಿ ಟೈಪು ಮಾಡಿಸಿಕೊಂಡು ಬಂದವನು ಅವನೇ. ಸಹಿಗೆ ಹೋದಾಗ ಬೀದಿಯ ಬಣ್ಣ ಬಯಲಾಯಿತು. ಚಹಾದ ಅಂಗಡಿಯವನು ಬೆಳಿಗ್ಗೆ “ನಿಮ್ಮಂಥವರು ಇರ್ಬೇಕಮ್ಮ” ಅಂತ ಸಹಿ ಹಾಕಿ, ಸಂಜೆ ಬಂದು ಹೊಡೆದುಹಾಕಿಸಿದ. ಬೈಕಿನವರು ಅವನ ಗಿರಾಕಿಗಳು. ತಾಯಂದಿರಲ್ಲಿ ಕೆಲವರು “ನಮ್ಮನೆಯವರೂ ಅಂಥದ್ದೇ ಗಾಡಿ ತಗೊಂಡಿದಾರೆ ಅಜ್ಜಿ, ಹೇಗೆ ಹಾಕ್ಲಿ?” ಅಂತ ಹಲ್ಲು ಕಿರಿದರು. ಯಾರ ಮಗುವಿನ ನಿದ್ದೆಗಾಗಿ ಬಾಗಿಲು ಬಾಗಿಲು ತಿರುಗುತ್ತಿದ್ದಾಳೋ ಅವರೇ ಪೆನ್ನು ಹಿಂದಕ್ಕೆ ಕೊಡುತ್ತಿದ್ದರು. ಕೈಸಹಾಯದ ಹೆಂಗಸು ಮಾತ್ರ ದೊಡ್ಡಕ್ಷರದಲ್ಲಿ ಎರಡು ಕಡೆ ಸಹಿ ಹಾಕಿ, “ಒಂದು ನನ್ನದು ಅಕ್ಕಾವ್ರೇ, ಇನ್ನೊಂದು ನನ್ನ ತಲೆನೋವಿಂದು,” ಅಂದಳು.

ಅಷ್ಟರಲ್ಲಿ ಮೇಲಿನ ಬಂಗಲೆಯವರಿಂದಲೂ ದೂರು ಹೋಗಿತ್ತು. ಅದಕ್ಕೇ ಇರಬೇಕು, ನಗರಸಭೆಯವರು ಸಭೆ ಕರೆದರು.

ಸಭೆಯ ಹಾಲಿನಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಮುಂದೆ ಅಧ್ಯಕ್ಷರು, ಬಿಳಿ ಅಂಗಿ, ಎಲ್ಲರ ಮೇಲೂ ಸಮನಾಗಿ ಹರಡಿದ ಮುಗುಳ್ನಗೆ. ಒಂದು ಕಡೆ ಬೀದಿಯವರು, ಇನ್ನೊಂದು ಕಡೆ ಬೈಕ್ ಸಂಘದವರು. ಹಿಂದಿನ ಸಾಲಿನಲ್ಲಿ ತಮ್ಮ ಕೈಕಟ್ಟಿ ಕೂತಿದ್ದ, ಸಂಘದವರ ಪಕ್ಕದಲ್ಲಿ. ಅಕ್ಕನ ಕಡೆ ನೋಡಲಿಲ್ಲ.

ಸಂಘದ ಗಡ್ಡದವನೊಬ್ಬ ಎದ್ದು ಗಂಟಲು ಸರಿಮಾಡಿಕೊಂಡ. “ಸರ್, ಸದ್ದಿದ್ರೇನೇ ಜನ ಪಕ್ಕಕ್ಕೆ ಸರಿಯೋದು. ಈ ಸದ್ದು ನಮ್ಮ ಜೀವ ಕಾಯುತ್ತೆ.”

“ಹಾರ್ನ್ ಅಂತ ಒಂದು ಕೊಟ್ಟಿದಾರಲ್ಲಪ್ಪ,” ಉಶ್ಶಮ್ಮ ಕೂತಲ್ಲಿಂದಲೇ ಅಂದಳು, “ಅದನ್ನೇನು ಗಾಡಿಗೆ ದೃಷ್ಟಿ ತಾಗ್ಬಾರ್ದು ಅಂತ ಕಟ್ಟಿದಾರಾ?”

ಜನ ನಕ್ಕರು. ಅಧ್ಯಕ್ಷರೂ ನಕ್ಕರು. ಧೈರ್ಯ ಬಂದು ಅವಳು ಎದ್ದು ನಿಂತಳು. “ಸ್ವಾಮಿ, ನಾನು ಗಿರಣಿಯಲ್ಲಿ ಕೆಲಸ ಮಾಡಿದವಳು. ಮಗ್ಗದ ಸದ್ದು ನಮ್ಮಮ್ಮನ ಕಿವಿ ತಿಂತು, ನನ್ನ ಅರ್ಧ ಕಿವಿ ತಿಂತು. ಆದ್ರೆ ಆ ಸದ್ದಿನಿಂದ ಬಟ್ಟೆ ಬರ್ತಿತ್ತು, ನಾಕು ಜನ ಮೈ ಮುಚ್ಕೊಳ್ತಿದ್ರು. ಇವರು ಮಾಡೋ ಸದ್ದಿನಿಂದ ಏನು ಬರುತ್ತೆ? ಹೊಗೆ ಬಿಟ್ರೆ ಇನ್ನೇನು ಬರುತ್ತೆ?”

“ಒಳ್ಳೆ ಮಾತು, ತುಂಬಾ ಒಳ್ಳೆ ಮಾತು,” ಅಂದರು ಅಧ್ಯಕ್ಷರು, ಪಕ್ಕದವನ ಕಡೆ ತಿರುಗಿ ಕಾಫಿ ತರಲು ಸನ್ನೆ ಮಾಡುತ್ತ. “ಮುಂದಿನವರು ಯಾರು?”

ಮುಂದಿನವರು ಬಂಗಲೆಯ ನಿವೃತ್ತ ಅಧಿಕಾರಿ. ಅವರು ಹೆಚ್ಚೇನೂ ಹೇಳಲಿಲ್ಲ. ಭಾನುವಾರ ವರಾಂಡದಲ್ಲಿ ಕೂತು ಪೇಪರ್ ಓದಲು ಆಗುತ್ತಿಲ್ಲ ಅಂದರು. ಅಧ್ಯಕ್ಷರು ಮುಂದಕ್ಕೆ ಬಾಗಿದರು. ಪಕ್ಕದ ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದ.

ತೀರ್ಮಾನ ಆ ಮುಚ್ಚಳ ತೆಗೆದಾಗಲೇ ಆಗಿಹೋಗಿತ್ತು. ಶನಿವಾರ, ಭಾನುವಾರ, ರಜಾ ದಿನಗಳಲ್ಲಿ ಗುಡ್ಡದ ರಸ್ತೆಯಲ್ಲಿ ಮೋಟಾರ್‌ಸೈಕಲ್ ನಿಷೇಧ. ಚಪ್ಪಾಳೆ ಬಿತ್ತು.

“ಸ್ವಾಮಿ, ಆ ದಿನಗಳಲ್ಲಿ ನನ್ನ ಹತ್ರ ಮಕ್ಕಳೇ ಇರಲ್ಲ,” ಅಂದಳು ಉಶ್ಶಮ್ಮ. ಚಪ್ಪಾಳೆಯಲ್ಲಿ ಮಾತು ಮುಳುಗಿತು. ಮತ್ತೊಮ್ಮೆ ಕೂಗಿ ಹೇಳಿದಳು.

“ಮೊದಲು ಇಷ್ಟಾಗ್ಲಿ ತಾಯಿ, ಆಮೇಲೆ ನೋಡೋಣ,” ಅಂದು ಅಧ್ಯಕ್ಷರು ಕೈಮುಗಿದು ಎದ್ದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಹಾಗಾಯಿತು. ರಜೆಯ ದಿನ ದಾರಿ ಮುಚ್ಚಿದ ಮೇಲೆ ಬೈಕಿನವರು ವಾರದ ನಡುವೆ ಬರತೊಡಗಿದರು. ಅದೂ ಬಿಸಿಲಲ್ಲಿ ಬಂಡೆ ಖಾಲಿ ಇರುತ್ತದೆ ಅಂತ ಮಧ್ಯಾಹ್ನವೇ. ಭಾನುವಾರ ಉಶ್ಶಮ್ಮನ ಮನೆ ಮಸಣದ ಹಾಗಿರುತ್ತಿತ್ತು. ಖಾಲಿ ಚಾಪೆಗಳನ್ನು ನೋಡುತ್ತ ಕೂತರೆ ಆ ಮೌನವೂ ಅವಳನ್ನು ಅಣಕಿಸಿದ ಹಾಗೆ ಕೇಳುತ್ತಿತ್ತು. ಸೋಮವಾರ ಮತ್ತೆ ಗಾಜು ಹಲ್ಲು ಕಡಿಯಲು ಶುರು.

ಒಂದು ಬುಧವಾರ, ಮಕ್ಕಳೆಲ್ಲ ಆಗ ತಾನೇ ಕಣ್ಣು ಮುಚ್ಚಿದ್ದವು. ಮೂಲೆಯ ಅಂಗಡಿಯ ಮುಂದೆ ಯಾರೋ ಹೊಸ ಪೈಪು ಹಾಕಿಸಿ ಪರೀಕ್ಷೆ ಮಾಡತೊಡಗಿದರು. ಒಮ್ಮೆ ರೇಸು, ನಿಲುಗಡೆ. ಮತ್ತೊಮ್ಮೆ. ಒಂದು ಕೂಸು ಎದ್ದಿತು, ಆಮೇಲೆ ಎಲ್ಲವೂ. ಕೈಸಹಾಯದ ಹೆಂಗಸು ಎರಡನ್ನು ಎತ್ತಿಕೊಂಡು ಅತ್ತಿಂದಿತ್ತ ತಿರುಗಿದಳು. ಉಶ್ಶಮ್ಮ ಬಗಲಲ್ಲೊಂದು ಕೂಸನ್ನಿಟ್ಟುಕೊಂಡಳು. ಒಳಗೆ ಏನೋ ಪಟ್ ಅಂತ ಹರಿಯಿತು.

“ಚಾಪೆ ತಗೋ,” ಅಂದಳು.

“ಎಲ್ಲಿಗೆ ಅಕ್ಕಾವ್ರೇ?”

“ಮಾವನ ಮನೆಗೆ!”

ನಡೆಯಬಲ್ಲ ಮಕ್ಕಳು ಒಂದರ ಅಂಗಿ ಇನ್ನೊಂದು ಹಿಡಿದು ರೈಲಿನ ಹಾಗೆ, ನಡೆಯಲಾರದವು ಕಂಕುಳಲ್ಲಿ, ಎಲ್ಲ ಅಳುತ್ತ ಬೀದಿಗಿಳಿದವು. ಉಶ್ಶಮ್ಮ ತಮ್ಮನ ಅಂಗಡಿಗೆ ನುಗ್ಗಿ, ಎಣ್ಣೆ ಮೆತ್ತಿದ ನೆಲದ ಮೇಲೆ ಚಾಪೆ ಹಾಸಿ, ಒಂದೊಂದಾಗಿ ಇಳಿಸಿದಳು.

“ಅಕ್ಕಾ! ಏನಿದು, ಹುಚ್ಚಾ ನಿಂಗೆ?”

“ಮಲಗಿಸು.”

“ಏನು?”

“ಮಲಗಿಸು ಅಂದೆ! ಎಬ್ಬಿಸೋಕೆ ಬರುತ್ತಲ್ಲ ನಿಂಗೆ, ಮಲಗಿಸೋಕೂ ಬರ್ಬೇಕು. ತಟ್ಟು. ಜೋಗುಳ ಹಾಡು. ನಾನು ನಿಂಗೆ ಹಾಡ್ಲಿಲ್ವಾ?”

ಬೈಕಿನ ಯಜಮಾನ, ಹೆಲ್ಮೆಟ್ ತಲೆಯ ಮೇಲೇ ಇಟ್ಟುಕೊಂಡವನು, ಫೋನು ತೆಗೆದು ನಗುತ್ತ ಚಿತ್ರ ಹಿಡಿಯತೊಡಗಿದ. ಉಶ್ಶಮ್ಮ ಬಗಲಲ್ಲಿದ್ದ ಸಣ್ಣ ಕೂಸನ್ನು ಅವನ ಗಾಡಿಯ ಸೀಟಿನ ಮೇಲೆ ಕೂರಿಸಿ ಹಿಡಿದುಕೊಂಡಳು. “ಇದನ್ನೂ ಹಿಡಿ ಫೋಟೋ, ಚೆನ್ನಾಗಿ ಬರ್ಲಿ,” ಅಂದಳು. ಅತ್ತೂ ಅತ್ತೂ ಹೊಟ್ಟೆ ತೊಳಸಿದ್ದ ಕೂಸು ಕುಡಿದ ಹಾಲನ್ನೆಲ್ಲ ಹೊಸ ಚರ್ಮದ ಸೀಟಿನ ಮೇಲೆ ಕಕ್ಕಿತು. ಅವನ ನಗು ಅಲ್ಲಿಗೆ ನಿಂತಿತು. “ಥೂ, ಥೂ, ಅಸಹ್ಯ!” ಅಂತ ಚಿಂದಿ ಬಟ್ಟೆಗಾಗಿ ತಡಕಾಡಿದ.

“ಅಸಹ್ಯ ಅನ್ನೋದು ಗೊತ್ತಾಗುತ್ತಾ ನಿಂಗೆ?” ಅಂದಳು ಉಶ್ಶಮ್ಮ. “ಗೊತ್ತಾಗಲ್ಲ ಅಂದ್ಕೊಂಡಿದ್ದೆ.”

ಇಷ್ಟರಲ್ಲಿ ಚಾಪೆಯಿಂದ ಎದ್ದ ಕಂಡಕ್ಟರಮ್ಮನ ಮಗು ತತ್ತರಿಸುತ್ತ ಗಾಡಿಯ ಇನ್ನೊಂದು ಮಗ್ಗುಲಿಗೆ ಬಂದಿತ್ತು. ಪಳಪಳ ಹೊಳೆಯುವ ಪೈಪು, ಆಗಷ್ಟೇ ಕಾದದ್ದು. ಮಗು ಕೈ ಚಾಚಿತು. ತಮ್ಮ ನೋಡಿದ, ಕೂಗಲಿಲ್ಲ, ಎಳೆಯಲೂ ಹೊತ್ತಿರಲಿಲ್ಲ. ತನ್ನ ಕೈಯನ್ನೇ ಪೈಪಿಗೂ ಮಗುವಿನ ಬೆರಳಿಗೂ ನಡುವೆ ಕೊಟ್ಟ. ಚುರ್ ಅಂತ ಸದ್ದಾಯಿತು. ಸುಟ್ಟ ಚರ್ಮದ ವಾಸನೆ ಎಲ್ಲರ ಮೂಗಿಗೂ ಬಂತು.

ಆ ಕಾದ ಪೈಪಿನ ಹತ್ತಿರಕ್ಕೆ ಮಕ್ಕಳನ್ನು ಕರೆತಂದವಳು ತಾನೇ. ಉಶ್ಶಮ್ಮ ಮಕ್ಕಳನ್ನು ಒಟ್ಟುಮಾಡಿಕೊಂಡು ಮನೆಗೆ ನಡೆದಳು. ಆ ಗಳಿಗೆಯಲ್ಲಿ ಅವಳಿಗೆ ಬೈಕಿನವನಿಗಿಂತ ತನ್ನ ಮೇಲೆಯೇ ಹೆಚ್ಚು ಹೇಸಿಗೆಯಾಯಿತು.

ಫೋನಿನ ಚಿತ್ರ ಸಂಜೆಯೊಳಗೆ ಊರೆಲ್ಲ ಸುತ್ತಿತು. ತಾಯಂದಿರು ಸಿಟ್ಟಾದರು. ಸದ್ದಿಗೆ ಸಿಟ್ಟಾಗದವರು ಇದಕ್ಕೆ ಸಿಟ್ಟಾದರು. ಕಂಡಕ್ಟರಮ್ಮ ಮಗುವಿನ ಚೀಲ, ಲೋಟ, ದಿಂಬು ಎಲ್ಲ ಎತ್ತಿಕೊಂಡು, “ನಿಮ್ಮನ್ನ ನಂಬಿ ಬಿಟ್ಟಿದ್ದೆ ಅಜ್ಜಿ,” ಅಂದು ಹೋದಳು. ಇನ್ನೂ ಒಂದೆರಡು ಮಕ್ಕಳು ಬರುವುದು ನಿಂತಿತು.

ಮರುದಿನ ತಮ್ಮ ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಹೊಸ್ತಿಲಾಚೆ ನಿಂತ. ಒಳಗೆ ಬಾ ಅಂದರೂ ಬರಲಿಲ್ಲ.

“ಇಲ್ಲಿ ಅಂಗಡಿ ಮುಚ್ತೀನಿ ಅಕ್ಕ. ಕೆಳಗೆ ಬಸ್ ಡಿಪೋ ಹಿಂದೆ ಜಾಗ ಸಿಕ್ಕಿದೆ.”

“ಅಲ್ಲಿ ಮಕ್ಕಳಿಲ್ವೇನೋ?”

“ಮಕ್ಕಳು ಎಲ್ಲಾ ಕಡೆನೂ ಇರ್ತಾರೆ. ಎಲ್ಲಿಗೆ ಹೋಗ್ಲಿ ಹೇಳು?”

ಅವನು ಹೋದ. ಅಲ್ಲಿಂದಾಚೆಗೆ ಅವನ ಸುದ್ದಿ ಬರುತ್ತಿದ್ದುದು ಗಂಡನ ಬಾಯಿಂದ. ಪಾಳಿ ಮುಗಿಸಿ ಬರುವಾಗ ಗಂಡ ಡಿಪೋ ದಾರಿಯಲ್ಲಿ ಬಂದು ಭಾವಮೈದುನನಿಗೊಂದು ಬಿಸಿ ಬ್ರೆಡ್ ಕೊಟ್ಟು ಬರುತ್ತಿದ್ದ. “ಕೈ ವಾಸಿ ಆಯ್ತಂತಾ?” “ಆಯ್ತು. ಕಲೆ ಉಳ್ಕೊಂಡಿದೆ.” ಅಷ್ಟೇ ಮಾತು. ಅಂಗಡಿ ಹೋದರೂ ಗಾಡಿಗಳು ಏರು ಹತ್ತುವುದು ನಿಲ್ಲಲಿಲ್ಲ. ಉಶ್ಶಮ್ಮ ಕಿಟಕಿಗೆ ಹಳೆಯ ಹಾಸಿಗೆ ಅಡ್ಡಗಟ್ಟಿದಳು. ಕತ್ತಲೆಯಲ್ಲಿ, ಸೆಕೆಯಲ್ಲಿ ಮಕ್ಕಳು ಮಲಗಿದವು. ಎರಡು ಸಲ ನಗರಸಭೆಗೆ ಹೋದಳು. ಅಧ್ಯಕ್ಷರು ಎರಡು ಸಲವೂ ಮೀಟಿಂಗಿನಲ್ಲಿದ್ದರು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ನೋಡಿದರೆ ಗುಡ್ಡದ ಬುಡದಲ್ಲಿ, ಅವಳ ಮನೆಗಿಂತ ಕೆಳಗೆ ಬೀದಿ ಶುರುವಾಗುವಲ್ಲೇ ಅಡ್ಡಗಂಬ ಎದ್ದಿತ್ತು. ಪಕ್ಕದಲ್ಲೊಬ್ಬ ಕಾವಲುಗಾರ. ಇನ್ನು ಮುಂದೆ ಎಲ್ಲ ದಿನವೂ, ಎಲ್ಲ ಹೊತ್ತೂ ದ್ವಿಚಕ್ರ ವಾಹನ ನಿಷೇಧ. ಅಲ್ಲಿಯ ನಿವಾಸಿಗಳಿಗೆ ಮಾತ್ರ ಪಾಸು. ಉಶ್ಶಮ್ಮ ಬೋರ್ಡನ್ನು ಮೂರು ಸಲ ಓದಿದಳು. ಮಧ್ಯಾಹ್ನ ಮಕ್ಕಳು ಮಲಗಿದವು, ಎದ್ದದ್ದು ನಿದ್ದೆ ಮುಗಿದ ಮೇಲೆಯೇ. ಕಿಟಕಿಯ ಹಾಸಿಗೆ ಬಿಚ್ಚಿದಾಗ ಒಳಗೆ ಗಾಳಿ ಬಂತು. ಕಣ್ಣು ತುಂಬಿ, “ದೇವರು ಕಣ್ಣು ಬಿಟ್ಟ,” ಅಂದಳು.

ದೇವರಲ್ಲ, ಅಧ್ಯಕ್ಷರ ಮಗಳು. ಮೇಲಿನ ಬಂಗಲೆಗಳಲ್ಲೊಂದು ಅಧ್ಯಕ್ಷರದ್ದೇ. ಮಗಳು ಎಳೆಗೂಸನ್ನೆತ್ತಿಕೊಂಡು ಗಂಡನ ಜೊತೆ ಅಪ್ಪನ ಮನೆಯಲ್ಲಿ ಇರಲು ಬಂದಿದ್ದಳು. ಮೂರನೆಯ ದಿನ ಬೈಕಿನ ಸದ್ದಿಗೆ ಕೂಸು ಬೆಚ್ಚಿ ಅತ್ತಿತು. ನಾಲ್ಕನೆಯ ದಿನ ಕಂಬ ನೆಟ್ಟರು. ಇದನ್ನು ಅವಳಿಗೆ ಹೇಳಿದವಳು ಕೈಸಹಾಯದ ಹೆಂಗಸು, ಬೆವರು ಸುರಿಸಿಕೊಂಡು, ತಡವಾಗಿ ಬಂದು.

“ಯಾಕೆ ತಡ?”

“ನನ್ನ ಗಾಡಿ ಬಿಡಲ್ವಂತೆ ಅಕ್ಕಾವ್ರೇ. ನಾನು ಕೆಳಗಿನವಳು, ಪಾಸಿಲ್ಲ.”

“ನಿಂದು ಬ್ಯಾಟರಿ ಗಾಡಿ ಅಲ್ವೇ? ಪಕ್ಕದಲ್ಲಿ ಬಂದ್ರೂ ಗೊತ್ತಾಗಲ್ಲ!”

“ಅದನ್ನೇ ಹೇಳ್ದೆ. ಸದ್ದಿಲ್ಲಪ್ಪ ಕೇಳು ಅಂತ ಅವನ ಕಿವಿ ಹತ್ರಾನೇ ಓಡಿಸಿ ತೋರಿಸ್ದೆ. ದ್ವಿಚಕ್ರ ಅಂದ್ರೆ ದ್ವಿಚಕ್ರ ಅಂತಾನೆ.”

ಆ ಹೆಂಗಸಿನ ಮೊಣಕಾಲು ನೋವು ಉಶ್ಶಮ್ಮನಿಗೆ ಗೊತ್ತಿತ್ತು. ಅವಳಿಗೆ ನೀರು ಕೊಡುತ್ತಿದ್ದಾಗಲೇ ಹೊರಗೆ ಗಡಗಡ ಅಂತ ಒಂದು ಬೈಕು ಏರು ಹತ್ತಿತು. ಗಾಜು ಕಟಕಟ ಅಂದಿತು. ಇಬ್ಬರೂ ಕಿಟಕಿಗೆ ಓಡಿದರು. ಗಾಡಿಯ ಮುಂದೆ ಪಾಸು ಅಂಟಿಸಿತ್ತು. ಅಧ್ಯಕ್ಷರ ಅಳಿಯ. ಯಾವ ಕೂಸಿಗಾಗಿ ದಾರಿ ಮುಚ್ಚಿದರೋ ಅದರ ಅಪ್ಪ.

“ಥೂ,” ಅಂದಳು ಉಶ್ಶಮ್ಮ.

ಒಂದೆರಡು ತಿಂಗಳು ಕಳೆದು ಅಧ್ಯಕ್ಷರೇ ಮಗಳನ್ನು ಕರೆದುಕೊಂಡು ಅವಳ ಮನೆಗೆ ಬಂದರು. ಮಗಳು ಮತ್ತೆ ಕೆಲಸಕ್ಕೆ ಹೋಗಬೇಕು, ಕೂಸನ್ನು ನೋಡಿಕೊಳ್ಳಲು ಜನ ಬೇಕು. ಉಶ್ಶಮ್ಮ ಕುರ್ಚಿ ಕೊಟ್ಟಳು.

“ಇಲ್ಲಿ ಒಳ್ಳೆ ಪ್ರಶಾಂತ ವಾತಾವರಣ ಇದೆ ಅಂತ ಎಲ್ಲರೂ ಹೇಳ್ತಾರೆ,” ಅಂದರು ಅಧ್ಯಕ್ಷರು, ಕೋಣೆಯನ್ನು ತಾವೇ ಕಟ್ಟಿಸಿದ ಹಾಗೆ ನೋಡುತ್ತ. “ನೋಡಿ, ನಿಮ್ಮ ಬೇಡಿಕೆ ಈಡೇರಿಸಿದ್ವಿ. ನಮ್ಮ ಆಡಳಿತದಲ್ಲಿ ಮಕ್ಕಳಿಗೆ ಮೊದಲ ಸ್ಥಾನ.”

“ನಿಮ್ಮ ಅಳಿಯಂದಿರ ಗಾಡಿ?”

ಅಧ್ಯಕ್ಷರು ನಕ್ಕರು. “ಹುಡುಗರು, ಅವರಿಗೊಂದು ಹುಚ್ಚು. ನಮ್ಮ ಮನೆ ಗೇಟ್ ಹತ್ರ ಬಂದ್ಮೇಲೆ ಆಫ್ ಮಾಡಪ್ಪ, ಮಗು ಏಳುತ್ತೆ ಅಂದಿದೀನಿ. ಪಾಪ, ಮಾಡ್ತಾನೆ.”

ಉಶ್ಶಮ್ಮ ಕೂಸಿನ ಕಡೆ ನೋಡಿದಳು. ತಾಯಿಯ ಹೆಗಲ ಮೇಲೆ ಬಾಯಿ ತೆರೆದು ಮಲಗಿತ್ತು, ಗಲ್ಲದ ಮೇಲೆ ಹಾಲಿನ ಗುರುತು. ಅದರದ್ದೇನು ತಪ್ಪು? ಇಲ್ಲ ಅನ್ನಬೇಕು ಅಂತ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಆದರೆ ಅದರ ಬದಲು ಬಂದ ಮಾತು ಅವಳಿಗೇ ಹೊಸದು.

“ನೋಡ್ಕೊಳ್ತೀನಿ. ಆದ್ರೆ ನನ್ನ ಜೊತೆ ಕೆಲಸ ಮಾಡೋಳಿಗೆ ಪಾಸು ಬೇಕು. ಅವಳು ನಡೆದು ಬಂದ್ರೆ ಸುಸ್ತಾಗಿರುತ್ತೆ, ಮಗು ಎತ್ಕೊಳ್ಳೋಕಾಗಲ್ಲ.”

“ಅಷ್ಟೇನಾ?” ಅಧ್ಯಕ್ಷರು ಫೋನು ತೆಗೆದು ಯಾರಿಗೋ ಎರಡು ಮಾತು ಹೇಳಿ ಜೇಬಿಗಿಟ್ಟರು. “ಆಯ್ತು. ಸಂಜೆ ಕಳಿಸ್ಕೊಡ್ತಾರೆ.”

ಎರಡೇ ಮಾತು. ಇಷ್ಟು ದಿನ ಅವಳು ಮೆಟ್ಟಿಲು ಹತ್ತಿಳಿದದ್ದು, ಸಭೆಯಲ್ಲಿ ನಿಂತು ಅರಚಿದ್ದು, ತಮ್ಮನ ಸುಟ್ಟ ಕೈ, ಎಲ್ಲಕ್ಕೂ ಬೇಕಿದ್ದದ್ದು ಆ ಜೇಬಿನೊಳಗಿನ ಎರಡು ಮಾತು. ತಾನೂ ಅದನ್ನೇ ಬೇಡಿ ಪಡೆದದ್ದು.

ಅವರು ಹೋದ ಮೇಲೆ ಗಂಡ ಕಣ್ಣುಜ್ಜಿಕೊಂಡು ಬಂದ. “ಯಾರೇ ಬಂದಿದ್ರು?”

“ಗಿರಾಕಿ. ಹೋಗಿ ಮಲಕ್ಕೊಳ್ಳಿ.”

ಅಧ್ಯಕ್ಷರು ಕೂತಿದ್ದ ಕುರ್ಚಿಯನ್ನು ಹಿತ್ತಲಿಗೆ ಒಯ್ದು ಸೋಪು ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕತೊಡಗಿದಳು. ಕೈಸಹಾಯದ ಹೆಂಗಸು ಬಾಗಿಲಲ್ಲಿ ನಿಂತು, “ಕೂಸೇನಾದ್ರೂ ಗಲೀಜು ಮಾಡ್ತಾ ಅಕ್ಕಾವ್ರೇ?” ಅಂತ ಕೇಳಿದಳು.

“ಕೂಸಲ್ಲ,” ಅಂದಳು ಉಶ್ಶಮ್ಮ, ಇನ್ನೊಂದು ತಂಬಿಗೆ ನೀರು ಹೊಯ್ದಳು.

ಮರುದಿನ ಆ ಹೆಂಗಸು ಪಾಸು ಅಂಟಿಸಿದ ಗಾಡಿಯಲ್ಲಿ ಬಂದಿಳಿದಳು. ಬಂದದ್ದು ಯಾರಿಗೂ ಕೇಳಿಸಲಿಲ್ಲ. ಅಧ್ಯಕ್ಷರ ಮೊಮ್ಮಗು ಹೊಸ ಜಾಗ ಅಂತ ತುಸು ಅತ್ತು, ಬೆನ್ನು ತಟ್ಟಿಸಿಕೊಂಡು ಮಿಕ್ಕ ಮಕ್ಕಳ ನಡುವೆ ಮಲಗಿತು. ಉಶ್ಶಮ್ಮ ಚಹಾ ಹಿಡಿದು ಬಾಗಿಲ ಬಳಿ ಕೂತಳು. ಒಂದು ಗುಟುಕು ಕುಡಿದು, ರುಚಿಸದೆ ಪಕ್ಕಕ್ಕಿಟ್ಟಳು.